ಕೀರ್ತಿರಾಜ್ ಆಂಪ್ಲಿಫೈಯರ್ ತೂಗಿದ್ದು

ಅಳೆಯದೆ ಏನನ್ನೂ ಕೊಳ್ಳಬಾರದು ಎಂಬುದು ಕೀರ್ತಿರಾಜನ ನಿಯಮ. ಅವನು ಅಳೆದು ಕೊಂಡದ್ದು ಯಾವುದೂ ಬಾಳಿಕೆ ಬರುವುದಿಲ್ಲ ಎಂಬುದು ಅವನ ಹೆಂಡತಿಯ ಅನುಭವ.

ಕೀರ್ತಿರಾಜ್ ಹಾಸನದ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕ. ಬಿ.ಎಸ್ಸಿ., ಮೊದಲ ದರ್ಜೆ. ಹದಿನಾಲ್ಕು ವರ್ಷಗಳಿಂದ ಪ್ರತಿ ಜುಲೈನಲ್ಲೂ ಹೊಸ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ ಅವನು ಒಂದೇ ಭಾಷಣ ಮಾಡುತ್ತಾನೆ: "ಅಳೆಯೋಕೆ ಮುಂಚೆ ಶೂನ್ಯ ದೋಷ ನೋಡಿ. ಏನೂ ಇಡದೇ ಇದ್ದಾಗ ಮುಳ್ಳು ಸೊನ್ನೆ ಮೇಲೆ ನಿಂತಿದೆಯಾ ಅಂತ ನೋಡದೆ ಅಳೆಯೋನು ವಿಜ್ಞಾನಿ ಅಲ್ಲ, ದಲ್ಲಾಳಿ." ಮನೆಯಲ್ಲಿ ಇದರ ತಾಲೀಮು ನಡೆಯುವುದರಿಂದ ಹೆಂಡತಿ ಶೋಭಿತಾಗೂ ಅದು ಬಾಯಿಪಾಠ. ಶೋಭಿತಾ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಗಂಡ ಅಳೆದು ತಂದ ಮಿಕ್ಸಿ, ನೀರಿನ ಫಿಲ್ಟರು, ಇಸ್ತ್ರಿ ಪೆಟ್ಟಿಗೆಗಳು ಈಗ ಅಟ್ಟದ ಮೇಲಿವೆ, ತಂದ ಕ್ರಮದಲ್ಲೇ.

ಹೋದ ವರ್ಷ ಅವುಗಳ ಪಕ್ಕಕ್ಕೆ ಒಂದು ಆಂಪ್ಲಿಫೈಯರ್ ಸೇರಿತು. ಟಿ.ವಿ.ಯ ಸದ್ದನ್ನು ಐದು ಸ್ಪೀಕರಿಗೆ ಹಂಚಿ ನಡುಮನೆಯನ್ನೇ ಟಾಕೀಸು ಮಾಡುವ ಯಂತ್ರ ಅದು. ಬುದ್ಧ ಪೂರ್ಣಿಮೆಗೆ ನೆಂಟರೆಲ್ಲ ಸೇರಿ, ಪೂಜೆ ಮುಗಿಸಿ, ಪಾಯಸ ಕುಡಿದು, ಚಾಪೆ ಹಾಸಿಕೊಂಡು ಸಿನಿಮಾ ನೋಡುವುದು ಆ ಮನೆಯ ವಾಡಿಕೆ. ಆ ಸಲ ಕೊನೆಯ ಹೊಡೆದಾಟದಲ್ಲಿ ನಾಯಕ ಕೈಯೆತ್ತಿದ, ಸುಟ್ಟ ವಾಸನೆ ಬಂತು, ಸದ್ದು ನಿಂತಿತು. ಖಳನಾಯಕ ಬಾಯಿ ತೆರೆದು ಮೂಕನಾಗಿಯೇ ಸತ್ತ.

ಎಲ್ಲರೂ ತಿರುಗಿ ನೋಡಿದ್ದು ಮಾವ ಪಾಪಯ್ಯನವರನ್ನು. ಹಳೇಕೋಟೆಯ ಪಾಪಯ್ಯ ಹೊಳೆನರಸೀಪುರದ ಟಾಕೀಸೊಂದರಲ್ಲಿ ಮೂವತ್ತೊಂದು ವರ್ಷ ಪ್ರೊಜೆಕ್ಟರ್ ಓಡಿಸಿದವರು. ಸದ್ದಿನ ವಿಷಯದಲ್ಲಿ ಅವರದೇ ಕೊನೆಯ ತೀರ್ಪು.

"ನಮ್ ಟಾಕೀಸ್ನಾಗೆ ಇಂಗಾಗಿದ್ರೆ," ಎಂದರು ಪಾಪಯ್ಯ ನಿಧಾನವಾಗಿ, "ಜನ ಕುರ್ಚಿ ಕಿತ್ಕಂಡು ಮೇಲಕ್ಕೆ ಬಂದ್ಬುಡೋರು, ಅಳೀಮಯ್ಯ."

ನೆಂಟರು ಹೋದ ಮೇಲೆ ಶೋಭಿತಾ ತನ್ನ ತೀರ್ಪು ಕೊಟ್ಟಳು. "ಇನ್ನೊಂದು ತನ್ನಿ. ಇಪ್ಪತ್ತೈದು ಸಾವಿರ ದಾಟಬಾರದು. ಮುಂದಿನ ವರ್ಷ ಪೂರ್ಣಿಮೆ ದಿನ ಅದು ಇಡೀ ಸಿನಿಮಾ ಓಡಿಸ್ಬೇಕು. ಓಡಿಸ್ಲಿಲ್ವೋ, ಅವತ್ತಿಂದ ಈ ಮನೆಗೆ ಸೊಳ್ಳೆ ಬತ್ತಿ ಕೂಡ ನಾನೇ ಆರಿಸೋದು ರೀ."

ಹೀಗೆ ಒಬ್ಬ ಗೃಹಸ್ಥನ ಆರಿಸುವ ಹಕ್ಕು ಪಣಕ್ಕೆ ಬಿತ್ತು.

ಕೀರ್ತಿರಾಜ್ ಮೊದಲು ಮಾಡಿದ ಕೆಲಸ ನಿಜಕ್ಕೂ ಬುದ್ಧಿವಂತಿಕೆಯದು. ಸತ್ತ ಆಂಪ್ಲಿಫೈಯರನ್ನು ಹಾಸನದ ಬಸ್ ನಿಲ್ದಾಣದ ಹಿಂದೆ ರಿಪೇರಿ ಅಂಗಡಿ ಇಟ್ಟಿರುವ ನಾಗಲಕ್ಷ್ಮಿಯ ಬಳಿಗೆ ಒಯ್ದ. ಆಕೆ ಮುಚ್ಚಳ ತೆಗೆದು ಮೂಸಿ ನೋಡಿದರು.

"ಬೋರ್ಡೇ ಹೋಗಿದೆ ಸಾರ್. ಇದು ಕೆಟ್ಟಿಲ್ಲ, ಉಸಿರು ಕಟ್ಟಿ ಸತ್ತಿದೆ. ಮೇಲೇನು ಹೊದಿಸಿದ್ರಿ?"

ಕೀರ್ತಿರಾಜ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಕಸೂತಿ ಬಟ್ಟೆ. ಅದರ ಮೇಲೆ ಎರಡು ಪಿಂಗಾಣಿ ನವಿಲು."

ಅತ್ತೆ ಮಾಯಮ್ಮನ ಕಸೂತಿ ಬಟ್ಟೆ ಹೊದೆಯದ ಯಂತ್ರ ಆ ವಂಶದಲ್ಲೇ ಇಲ್ಲ. ಟಿ.ವಿ., ಫ್ರಿಜ್ಜು, ಮಿಕ್ಸಿ ಎಲ್ಲಕ್ಕೂ ಒಂದೊಂದು ಉಂಟು. ರಿಮೋಟಿಗೂ ಗುಂಡಿ ಹಾಕುವ ಅಂಗಿ ಉಂಟು.

"ಹೊಸದು ತಗೊಳ್ಳುವಾಗ ಡಬ್ಬದ ಮೇಲಿರೋ ವ್ಯಾಟ್ ನಂಬಬೇಡಿ," ಎಂದರು ನಾಗಲಕ್ಷ್ಮಿ. "ಎರಡು ಗಂಟೆ ಓಡಿಸಿ ಅದರ ಬೆನ್ನ ಮೇಲೆ ಕೈಯಿಡಿ. ಕೈ ಇಟ್ಕೊಂಡು ನಿಲ್ಲೋಕಾದ್ರೆ ಒಳ್ಳೇ ಮಾಲು. ಮನೇಲಿ ಸುತ್ತ ನಾಲ್ಕು ಬೆರಳು ಜಾಗ ಬಿಡಿ, ಮೇಲೆ ಏನೂ ಹಾಕ್ಬೇಡಿ. ಹತ್ತು ವರ್ಷ ನನ್ ಮುಖ ನೋಡಲ್ಲ ನೀವು."

ಕೀರ್ತಿರಾಜ್ ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಆದರೆ ಕೈಯಿಟ್ಟು ನೋಡುವುದು ಅಳತೆಯೇ ಅಲ್ಲ. ಅದಕ್ಕೆ ಮುಳ್ಳಿಲ್ಲ, ಅಂಕಿಯಿಲ್ಲ. ಇನ್ನು, ಅತ್ತೆಯ ಕಸೂತಿಯಿಂದ ಆಂಪ್ಲಿಫೈಯರ್ ಸತ್ತಿತೆಂದು ಮನೆಯಲ್ಲಿ ಹೇಳುವ ವಿಧಾನ ಭೌತಶಾಸ್ತ್ರದ ಯಾವ ಪುಸ್ತಕದಲ್ಲೂ ಇಲ್ಲ.

ಅಂಕಿ ಕೊಟ್ಟವರು ಪಾಪಯ್ಯ, ಫೋನಿನಲ್ಲಿ. "ತೂಕ ನೋಡಿ ತಗಳಿ ಅಳೀಮಯ್ಯ. ನಮ್ ಟಾಕೀಸಿನ ಆಂಪ್ಲಿಫೈಯರ್ನ ಇಬ್ರು ಎತ್ತೋರು. ಒಳಗಿರೋ ಟ್ರಾನ್ಸ್‌ಫಾರ್ಮರ್ ದಪ್ಪಗಿದ್ರೆ ತೂಕ ಬತ್ತದೆ. ಅಗುರ್ದು ಮಕ್ಳಾಟದ್ದು ಕಣ."

ಇದರಲ್ಲಿ ವಿಜ್ಞಾನವಿತ್ತು. ಕೀರ್ತಿರಾಜ್ ಅಟ್ಟ ಹತ್ತಿ, ಎಂದೋ ಕಾಲೇಜಿನ ಹಳೇ ಸಾಮಾನಿನ ಹರಾಜಿನಲ್ಲಿ ತಾನೇ ಕೊಂಡಿದ್ದ ಸ್ಪ್ರಿಂಗ್ ತಕ್ಕಡಿಯನ್ನು ಇಳಿಸಿದ. ಹಿತ್ತಾಳೆಯ ಮುಖ, ಗೇಣುದ್ದದ ಕೊಕ್ಕೆ, ಇಪ್ಪತ್ತು ಕೆಜಿವರೆಗೆ ತೂಗಬಲ್ಲ ಘನವಾದ ವಸ್ತು. ಹರಾಜಿನ ಪಟ್ಟಿಯಲ್ಲಿ ಅದರ ಮುಂದೆ 'ನಿರುಪಯುಕ್ತ' ಎಂದು ಬರೆದವನೂ ಅವನೇ. ಯಾಕೆ ಹಾಗೆ ಬರೆದನೆಂಬುದು ಮಾತ್ರ ಮರೆತುಹೋಗಿತ್ತು.

ಹಾಸನದ ಅಂಗಡಿಯವರಿಗೆಲ್ಲ ಅವನ ಪರಿಚಯವಿದ್ದುದರಿಂದ ಯಾರೂ ಅವನ ಮುಂದೆ ಮಾಲು ಬಿಚ್ಚುತ್ತಿರಲಿಲ್ಲ. ಇಂಟರ್ನೆಟ್ಟಿನಲ್ಲಿರುವುದು ಬರೀ ಚಿತ್ರ. ಅದನ್ನು ಕೊಕ್ಕೆಗೆ ನೇತುಹಾಕುವಂತಿಲ್ಲ. ಹಾಗಾಗಿ ಪೂರ್ಣಿಮೆಗೆ ಮೂರು ವಾರವಿರುವಾಗ, ಒಂದು ಶನಿವಾರ ಕಾಲೇಜು ಮುಗಿಸಿ, ನೀಲಿ ಅಂಗಿ ಇನ್‌ಶರ್ಟ್ ಮಾಡಿದ್ದಂತೆಯೇ, ಕೊರಳಿನ ಗುರುತಿನ ಚೀಟಿ ತೆಗೆಯಲು ಮರೆತು, ಸ್ಕೂಟರ್ ಹತ್ತಿ, ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣಕ್ಕೆ ಹೋದ.

ಅಲ್ಲಿ ನಂಜಪ್ಪ ಎಂಬವರ ಎಲೆಕ್ಟ್ರಾನಿಕ್ಸ್ ಅಂಗಡಿ. ಇಪ್ಪತ್ತೆರಡು ವರ್ಷದ ವ್ಯಾಪಾರದಲ್ಲಿ ನಂಜಪ್ಪ ಗಿರಾಕಿಗಳ ಬಾಯಲ್ಲಿ ಕೇಳಿದ್ದು ಮೂರೇ ಪ್ರಶ್ನೆ: ಎಷ್ಟು ಕಮ್ಮಿ ಮಾಡ್ತೀರಿ, ಗ್ಯಾರಂಟಿ ಎಷ್ಟು, ಸದ್ದು ಪಕ್ಕದ ಬೀದಿಗೆ ಕೇಳಿಸ್ತದಾ.

"ಇದರ ತೂಕ ಎಷ್ಟು?" ಎಂದ ಕೀರ್ತಿರಾಜ್.

"ತೂಕ ಕಟ್ಕಂಡು ಏನ್ ಮಾಡೀರಿ ಸಾ?" ಎಂದು ನಕ್ಕರು ನಂಜಪ್ಪ.

ಉತ್ತರವಾಗಿ ಚೀಲದಿಂದ ತಕ್ಕಡಿ ಹೊರಬಂತು. ನಂಜಪ್ಪನ ಕಣ್ಣು ತಕ್ಕಡಿಯಿಂದ ಗುರುತಿನ ಚೀಟಿಗೆ, ಚೀಟಿಯಿಂದ ಗೆರೆ ಹಾಕಿದ ನೋಟ್‌ಬುಕ್ಕಿಗೆ ಹೋಗಿ, ನಗು ಅರ್ಧದಲ್ಲೇ ನಿಂತಿತು. ತೂಕ ಮತ್ತು ಅಳತೆ ಇಲಾಖೆಯವರಲ್ಲದೆ ಇನ್ನಾರು ಹೀಗೆ ಬಂದಾರು?

"ಲೇ, ಸಾಹೇಬ್ರಿಗೆ ಕಾಪಿ ಏಳಲಾ! ದೊಡ್ ಲೋಟದಾಗೆ!"

ಕೀರ್ತಿರಾಜ್ ಆಂಪ್ಲಿಫೈಯರಿಗೆ ಹಗ್ಗ ಕಟ್ಟಿ, ನೇತುಹಾಕಿ, ಒಂದು ಕಣ್ಣು ಮುಚ್ಚಿ ಓದಿದ. "ಆರು ಕೆಜಿ ಒಂಬೈನೂರು. ಡಬ್ಬದ ಮೇಲೆ ಒಂಬತ್ತೂವರೆ ಅಂತಿದೆ. ಮಿಕ್ಕಿದ್ದೆಲ್ಲಿ?"

ಡಬ್ಬದ ಮೇಲಿದ್ದದ್ದು ಡಬ್ಬ, ಥರ್ಮಾಕೋಲು, ವೈರು, ಸ್ಟ್ಯಾಂಡು ಎಲ್ಲ ಸೇರಿದ ತೂಕ. ಅದು ಕೇಳಿದವನಿಗೂ ಗೊತ್ತಿರಲಿಲ್ಲ, ಕೇಳಿಸಿಕೊಂಡವರಿಗೂ ಗೊತ್ತಿರಲಿಲ್ಲ.

"ಕಂಪ್ನಿಯಿಂದ್ಲೇ ಅಂಗೆ ಬಂದದೆ ಸಾ. ನಾವು ಒಳಗಿಂದ ಒಂದು ಮೊಳೆನೂ ತೆಗ್ದಿಲ್ಲ, ನಮ್ ತಾಯಾಣೆಗೂ!"

"ತೆಗೆದ್ರಿ ಅಂತ ನಾನು ಹೇಳಿದ್ನಾ?" ಎಂದು ಸಮಾಧಾನ ಹೇಳಿದ ಕೀರ್ತಿರಾಜ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕಾಫಿ ಕುಡಿದು, ಏನೂ ಕೊಳ್ಳದೆ ಹೊರಟ. ಏನೂ ಹೇಳದೆ ಬರೆದುಕೊಂಡು ಹೋಗುವ ಅಧಿಕಾರಿಗಿಂತ ಭಯಂಕರವಾದದ್ದು ವ್ಯಾಪಾರ ಲೋಕದಲ್ಲಿ ಇನ್ನೊಂದಿಲ್ಲ. ಸ್ಕೂಟರ್ ತಿರುವು ದಾಟುವ ಮೊದಲೇ ನಂಜಪ್ಪ ಫೋನ್ ಹಿಡಿದಿದ್ದರು. ಸಂಜೆಯೊಳಗೆ ಮೂರು ತಾಲ್ಲೂಕಿನ ಅಂಗಡಿಯವರ ವಾಟ್ಸಾಪ್ ಗುಂಪಿನಲ್ಲಿ ವರ್ತಮಾನ ಓಡಾಡಿತು: ನೀಲಿ ಅಂಗಿ, ಬೂದು ಸ್ಕೂಟರ್, ಕೈಯಲ್ಲಿ ತಕ್ಕಡಿ; ಡಬ್ಬದ ಮೇಲೆ ಬರೆದಷ್ಟು ತೂಕ ಇಲ್ಲದಿದ್ದರೆ ಹೆಸರು ಬರಕೊಂಡು ಹೋಗ್ತಾನೆ, ಹುಷಾರ್.

ಮುಂದಿನ ಶನಿವಾರ ಅರಕಲಗೂಡಿನಲ್ಲಿ ಅವನು ಹೋದ ಅಂಗಡಿಯ ಬಾಗಿಲು ಕಣ್ಣೆದುರೇ ಅರ್ಧಕ್ಕಿಳಿಯಿತು. ಅದರಡಿಯಿಂದ ಅಂಗಡಿಯವನ ತಲೆ ಮಾತ್ರ ಕಾಣುತ್ತಿತ್ತು. ಬಾಯಲ್ಲಿ ಬೋಂಡ ಇತ್ತು.

"ಇವತ್ತು ಯಾಪಾರ ಇಲ್ಲ ಸಾ. ನಮ್ಮಜ್ಜಿ ತೀರ್ಕಂಡ್ರು."

"ಅಯ್ಯೋ ಪಾಪ, ಯಾವಾಗ?"

ಅಂಗಡಿಯವನು ಬೋಂಡ ನುಂಗಿದ. "ಇಪ್ಪತ್ತೊರ್ಸ ಆಯ್ತು ಸಾ. ಇವತ್ತು ಯಾಕೋ ನೆಪ್ಪಾಯ್ತು."

ಕೀರ್ತಿರಾಜ್ ಸಂತಾಪ ಸೂಚಿಸಿ ಸಂತೆಯ ದಾರಿ ಹಿಡಿದ. ತಕ್ಕಡಿಯ ಕೊಕ್ಕೆ ಚೀಲದಿಂದ ಹೊರಗೆ ನೇತಾಡುತ್ತಿತ್ತು. ಅವನು ನಡೆದಲ್ಲೆಲ್ಲ ಒಂದು ವಿಚಿತ್ರ ಸಂಭವಿಸಿತು: ತೂಗಿ ಮುಗಿದಿದ್ದ ತಟ್ಟೆಗೆ ಇನ್ನೊಂದು ಈರುಳ್ಳಿ ಬಿತ್ತು, ಟೊಮೆಟೊ ಎರಡು ಹೆಚ್ಚಾದವು, ತಟ್ಟೆಯ ಅಡಿಗೆ ಅಂಟಿಸಿದ್ದ ಹುಣಸೆಹಣ್ಣಿನ ಉಂಡೆಗಳು ಸದ್ದಿಲ್ಲದೆ ನೆಲಕ್ಕೆ ಬಿದ್ದವು. ಇದನ್ನು ಮೊದಲು ಗಮನಿಸಿದವಳು ರೇವಮ್ಮ, ಕೊಳ್ಳಲು ಬಂದಿದ್ದ ಒಬ್ಬ ಗಟ್ಟಿಗಿತ್ತಿ. ಅವಳು ತನ್ನ ಚೀಲ ಹಿಡಿದು ಕೀರ್ತಿರಾಜನ ಹಿಂದೆಯೇ ನಡೆಯತೊಡಗಿದಳು. ಅವಳ ಹಿಂದೆ ಹತ್ತು ಹೆಂಗಸರು ನಡೆದರು.

"ಸಾ, ಆ ಮೂಲೆಗೂ ವಸಿ ಬನ್ನಿ. ಅಲ್ಲಿ ದ್ಯಾವಯ್ಯ ಕುಂತವ್ನೆ. ಬಿತ್ನೆ ಆಲೂಗೆಡ್ಡೆ ಮಾರ್ತಾನೆ. ಅವನ ಕೆಜಿ ಎಂಟ್ನೂರ್ ಗ್ರಾಮಿಗೇ ಮುಗ್ದೋಯ್ತದೆ!"

"ಅಮ್ಮಾ, ನಾನು ಆಫೀಸರ್ ಅಲ್ಲ. ಆಂಪ್ಲಿಫೈಯರ್ ತೂಗೋಕೆ ಬಂದಿದ್ದೀನಿ."

ರೇವಮ್ಮ ಹಿಂದಿನವರ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. "ನೋಡ್ರೇ, ಗುಟ್ಟಾಗಿ ಬಂದವ್ರೆ. ಆಂಪ್ಲಿಪೈರ್ನ ಯಾರಾದ್ರೂ ತೂಗ್ತಾರಾ?"

ದ್ಯಾವಯ್ಯ ಇವರು ಬರುವುದನ್ನು ಕಂಡೇ ಎದ್ದು ನಿಂತು, ಗೋಣಿಚೀಲದ ಮೇಲೆ ಕೈಯಿಟ್ಟು, ಯಾರೂ ಕೇಳದಿದ್ದರೂ ಪ್ರಮಾಣ ಮಾಡಿದ. "ಸಾ, ಇವತ್ತಿಂದ ನನ್ ಕೆಜಿ ಸಾವ್ರ ಗ್ರಾಮು!"

ಸತ್ಯ ಹೇಳಿಯೂ ನಂಬಿಸಲಾಗದವನಿಗೆ ಉಳಿಯುವುದು ಸ್ಕೂಟರ್ ಒಂದೇ.

ಮೂರನೆಯ ಶನಿವಾರ ಹೊಳೆನರಸೀಪುರ. ಅಲ್ಲಿ ರವೀಂದ್ರ ಎಂಬ ವ್ಯಾಪಾರಿಯ ಅಂಗಡಿ. ಪಕ್ಕದಲ್ಲೇ ಅವನ ತಮ್ಮನ ದಿನಸಿ ಅಂಗಡಿ. ವಾಟ್ಸಾಪ್ ಓದಿದ್ದ ರವೀಂದ್ರ ಬಾಗಿಲು ಮುಚ್ಚುವ ಹೇಡಿಯಲ್ಲ. ಹಾರ ಒಂದು ತಂದಿರಲಿಲ್ಲ ಅಷ್ಟೆ.

"ಬನ್ನಿ ಸಾ, ಬನ್ನಿ. ತೂಗಿ ಸಾ. ಸಂಕೋಚ ಮಾಡ್ಕಬ್ಯಾಡಿ. ನಮ್ಮಲ್ಲಿ ಬರೆದಿದ್ದು ಅಂಗೇ ಇರ್ತದೆ."

ನಂಜಪ್ಪನ ಅಂಗಡಿಯಲ್ಲಿದ್ದ ಅದೇ ಮಾಡೆಲ್ಲು. ಕೀರ್ತಿರಾಜ್ ನೇತುಹಾಕಿದ. ಮುಳ್ಳು ಒಂಬತ್ತು ಕೆಜಿ ಒಂಬೈನೂರರಲ್ಲಿ ನಿಂತಿತು. ಮತ್ತೊಮ್ಮೆ ತೂಗಿದ. ಅಷ್ಟೇ ಬಂತು.

ಒಂದೇ ವಸ್ತು ಎರಡು ಊರಿನಲ್ಲಿ ಎರಡು ತೂಕ ತೋರಿಸಿದರೆ ವಿಜ್ಞಾನಿಯಾದವನು ಅನುಮಾನಪಡಬೇಕು. ಕೀರ್ತಿರಾಜ್ ಸಂತೋಷಪಟ್ಟ. ಹೊಳೆನರಸೀಪುರಕ್ಕೆ ಬಂದದ್ದು ಹಳೇ ಕಾಲದ ಗಟ್ಟಿ ಮಾಲು, ಚನ್ನರಾಯಪಟ್ಟಣಕ್ಕೆ ಹೋದದ್ದು ಎರಡನೇ ದರ್ಜೆಯದು ಎಂದು ನೋಟ್‌ಬುಕ್ಕಿನಲ್ಲಿ ನಿರ್ಣಯ ಬರೆದು, ಕೆಳಗೆ ಎರಡು ಗೆರೆ ಎಳೆದ.

"ಇದನ್ನ ನಾನು ತಗೋತೀನಿ," ಎಂದ.

ರವೀಂದ್ರನ ಮುಖದ ಬಣ್ಣ ಇಳಿಯಿತು. "ತಗಂಡೋಯ್ತೀರಾ? ಎಲ್ಲಿಗೆ ಸಾ? ಲ್ಯಾಬಿಗಾ?"

"ಮನೆಗೆ."

"ಮನೆಗ್ಯಾಕ್ ಸಾ? ಬ್ಯಾರೆ ಪೀಸ್ ಕೊಡ್ತೀನಿ, ಸೀಲ್ ಒಡೀದೇ ಇರೋದು—"

"ಬೇಡ. ತೂಗಿರೋದೇ ಬೇಕು," ಎಂದ ಕೀರ್ತಿರಾಜ್ ಅಲುಗಾಡದೆ. ಅಂಗಡಿಯವನು ಬೇರೆ ತೋರಿಸಿದರೆ ಮೋಸಹೋಗಬಾರದೆಂಬ ಪಾಠ ಅವನಿಗೆ ಗೊತ್ತಿತ್ತು. ಹದಿನೆಂಟು ಸಾವಿರ ಎಣಿಸಿ ಕೊಟ್ಟ. ರವೀಂದ್ರ ರಸೀದಿಯಲ್ಲಿ ತಾರೀಖನ್ನು ಎರಡು ಸಲ ಬರೆದ. ಆಂಪ್ಲಿಫೈಯರ್ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂತು ಹಾಸನಕ್ಕೆ ಬಂತು. ದಾರಿಯ ಪ್ರತಿ ಹಂಪಿನಲ್ಲೂ ಒಳಗಿನಿಂದ ಏನೋ 'ಟಕ್' ಎಂದಿತು. ಗಟ್ಟಿ ಮಾಲಿನ ಸದ್ದು ಹಾಗೇ ಇರಬೇಕು ಎಂದುಕೊಂಡ.

ಮನೆಯಲ್ಲಿ ಅದನ್ನು ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿಟ್ಟ. ನಾಗಲಕ್ಷ್ಮಿಯ ಮಾತು ಅಳತೆಯಲ್ಲದಿದ್ದರೂ ನಾಲ್ಕು ಬೆರಳು ಅಳತೆಯೇ.

ಪೂರ್ಣಿಮೆ ಬಂತು. ಬುದ್ಧನ ಪಟಕ್ಕೆ ಹೂವಿಟ್ಟು, ವಂದನೆ ಮುಗಿಸಿ, ಪಾಯಸದ ಲೋಟ ಹಿಡಿದು ಇಪ್ಪತ್ತು ಜನ ನಡುಮನೆಯಲ್ಲಿ ಕೂತರು. ಪಾಪಯ್ಯನವರಿಗೆ ನಡುವೆ ಕುರ್ಚಿ. ಮಾಯಮ್ಮ ಚೀಲದಿಂದ ಹೊಸ ಕಸೂತಿ ಬಟ್ಟೆ ತೆಗೆದರು. ಈ ಸಲ ನವಿಲುಗಳನ್ನು ಬಟ್ಟೆಯಲ್ಲೇ ಹೊಲಿದಿದ್ದರು. "ಅಳಿಯಂದ್ರೇ, ಅಳ್ತೆ ಕೇಳ್ದೇನೆ ಹೊಲ್ದಿವ್ನಿ. ಸರಿ ಓಯ್ತದಾ ನೋಡನ."

"ಆಮೇಲೆ ಅತ್ತೆ, ಸಿನಿಮಾ ಮುಗೀಲಿ," ಎಂದ ಕೀರ್ತಿರಾಜ್, ಬೆವರೊರೆಸಿಕೊಳ್ಳುತ್ತ.

ಸಿನಿಮಾ ಶುರುವಾಯಿತು. ಹಾಡು ಬಂತು, ಎಲ್ಲರೂ ತಲೆದೂಗಿದರು. ಹೊಡೆದಾಟ ಬಂತು. ನಾಯಕನ ಪ್ರತಿ ಏಟಿಗೂ ಆಂಪ್ಲಿಫೈಯರಿನೊಳಗಿನಿಂದ 'ಟಕ ಟಕ' ಎಂದು ಇನ್ನೊಂದು ಏಟು. ಪಾಪಯ್ಯ ಕೈಯೆತ್ತಿದರು.

"ನಿಲ್ಸಿ. ಏಟು ಒಂದು, ಸದ್ದು ಎಲ್ಡು. ಸ್ಕ್ರೂಡ್ರೈವರ್ ತಕ್ಕಬನ್ನಿ."

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಕನ್ನಡಕ ಹಾಕಿದ, ಫೈಲು ಹಿಡಿದ ಒಬ್ಬರು ನಿಂತಿದ್ದರು. ಮಗಳ ಶಾಲೆಯ ಹೆಡ್‌ಮಾಸ್ಟರ್ ಎಂದುಕೊಂಡ ಮಾಯಮ್ಮ ಕೂರಿಸಿ ಪಾಯಸ ಕೊಟ್ಟರು. ಅವರು ಅರ್ಧ ಲೋಟ ಕುಡಿದು ಹೆಸರು ಹೇಳಿದರು: ಚಂದ್ರಮೌಳಿ, ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್.

"ಇಲ್ಲಿ ಕೀರ್ತಿರಾಜ್ ಅಂದ್ರೆ ಯಾರು?"

ಇಪ್ಪತ್ತು ಬೆರಳು ಒಂದೇ ಕಡೆ ತಿರುಗಿದವು.

"ಮೂರು ತಾಲ್ಲೂಕಿಂದ ಫೋನ್ ಬಂದಿದೆ ನನಗೆ. ಸಾಹೇಬರು ಬಂದ್ರು, ತೂಗಿದ್ರು, ಬರ್ಕೊಂಡ್ರು. ನೋಟೀಸ್ ಮಾತ್ರ ಇನ್ನೂ ಬಂದಿಲ್ಲ, ನಿದ್ದೆ ಬರ್ತಿಲ್ಲ, ಬೇಗ ಕಳಿಸಿ ಅಂತ. ಆ ಸಾಹೇಬರು ನಾನಲ್ಲ. ಅವರು ಕೊಟ್ಟ ಸ್ಕೂಟರ್ ನಂಬರ್ ನಿಮ್ದು."

ಶೋಭಿತಾ ಗಂಡನನ್ನು ನೋಡಿದಳು. "ಏನ್ ರೀ ಇದು?"

"ನಾನು ಆಂಪ್ಲಿಫೈಯರ್ ತೂಗಿದೆ," ಎಂದ ಕೀರ್ತಿರಾಜ್. ಆ ವಾಕ್ಯ ಆ ನಡುಮನೆಯಲ್ಲೂ ಸುಳ್ಳಿನ ಹಾಗೆಯೇ ಕೇಳಿಸಿತು. ನೋಟ್‌ಬುಕ್ ಕೊಟ್ಟ. ಚಂದ್ರಮೌಳಿ ಪುಟ ತಿರುವಿದರು. ಈರುಳ್ಳಿಯಿಲ್ಲ, ಆಲೂಗಡ್ಡೆಯಿಲ್ಲ, ಬರೀ ಆಂಪ್ಲಿಫೈಯರು, ಕೆಜಿ, ಗ್ರಾಮು.

"ಇಲ್ನೋಡಿ!" ಎಂದರು ಪಾಪಯ್ಯ. ಮುಚ್ಚಳ ತೆಗೆದ ಯಂತ್ರದೊಳಗಿನಿಂದ ಅವರು ಹಳೇ ಸೀರೆ ಚೂರಿನ ಗಂಟೊಂದನ್ನು ಎತ್ತಿ ಬಿಚ್ಚಿದರು. ಎರಡು ತೂಕದ ಬಟ್ಟು: ದಿನಸಿ ಅಂಗಡಿಯವು, ಒಂದರ ತೂಕ ಎರಡು ಕೆಜಿ, ಇನ್ನೊಂದರದು ಒಂದು ಕೆಜಿ. "ಮೂವತ್ತೊಂದೊರ್ಸದಾಗೆ ಇಂತಾ ಪಾರ್ಟ್ ನಾನ್ ನೋಡ್ಲಿಲ್ಲ ಕಣ್ರಪ್ಪಾ!"

ಚಂದ್ರಮೌಳಿ ಬಟ್ಟನ್ನು ಎತ್ತಿ, ಕನ್ನಡಕ ಹಣೆಗೇರಿಸಿ, ಅದರ ತಳದ ಮುದ್ರೆ ನೋಡಿದರು. "ಇದು ನನ್ನದೇ ಸೀಲು. ಫೆಬ್ರವರಿಯಲ್ಲಿ ಹೊಳೆನರಸೀಪುರದಲ್ಲಿ ಹೊಡೆದದ್ದು." ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದರು, "ತೂಕ ಕರಾರುವಾಕ್ಕಾಗಿದೆ."

ತೂಗುವ ಸಾಹೇಬರಿಗೆ ಹೆದರಿ ಮೂರು ಕೆಜಿ ತುಂಬಿಸಿದ ರವೀಂದ್ರನ ಜಾಣತನ ಎಲ್ಲರಿಗೂ ಅರ್ಥವಾಯಿತು. ಅಳೆಯಲು ಹೋದವನಿಂದಲೇ ಅಳತೆ ಕೆಟ್ಟಿತ್ತು.

"ಆ ತಕ್ಕಡಿ ತನ್ನಿ," ಎಂದರು ಚಂದ್ರಮೌಳಿ. ತಂದ. ಅವರು ಏನೂ ತೂಗುಹಾಕದೆ ಬರಿದೇ ಎತ್ತಿಹಿಡಿದರು. ಮುಳ್ಳು ನಾನೂರು ಗ್ರಾಮಿನ ಮೇಲೆ ನಿರಾಳವಾಗಿ ನಿಂತಿತ್ತು. ಪಟ್ಟಿಯಲ್ಲಿ 'ನಿರುಪಯುಕ್ತ' ಎಂದು ಯಾಕೆ ಬರೆದನೆಂಬುದು ಕೀರ್ತಿರಾಜನಿಗೆ ಆಗ ನೆನಪಾಯಿತು.

ಶೋಭಿತಾ ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು: "ಏನೂ ಇಡದೇ ಇದ್ದಾಗ ಮುಳ್ಳು ಸೊನ್ನೆ ಮೇಲೆ ನಿಂತಿದೆಯಾ ಅಂತ ನೋಡದೆ ಅಳೆಯೋನು..."

"ಎಲ್ಲಕ್ಕೂ ಒಂದೇ ದೋಷ ಇದ್ರೆ ಹೋಲಿಕೆಗೆ ತೊಂದರೆ ಇಲ್ಲ," ಎಂದ ಕೀರ್ತಿರಾಜ್. ಅದು ಶಾಸ್ತ್ರೀಯವಾಗಿ ಪೂರ್ತಿ ಸರಿ. ಆದರೆ ಇಪ್ಪತ್ತು ಜನ ಒಟ್ಟಿಗೆ ನಗುವಾಗ ಶಾಸ್ತ್ರ ಕೇಳಿಸುವುದಿಲ್ಲ.

ನಗದವರು ಪಾಪಯ್ಯ ಒಬ್ಬರೇ. ಮುಚ್ಚಳ ಮುಚ್ಚಿ, ಸ್ಕ್ರೂ ಬಿಗಿದು, "ಇನ್ನೂ ಸಿನ್ಮಾ ಮುಗ್ದಿಲ್ಲ. ಓಡ್ಸಿ," ಎಂದರು.

ಓಡಿತು. ಇನ್ಸ್‌ಪೆಕ್ಟರ್ ಎರಡನೇ ಲೋಟ ಪಾಯಸದೊಂದಿಗೆ ಚಾಪೆಗೇ ಇಳಿದರು. ಹೊಡೆದಾಟದಲ್ಲಿ ಏಟಿಗೊಂದೇ ಸದ್ದು. ಕೊನೆಯ ದೃಶ್ಯ ಬಂತು. ನಾಯಕ ಕೈಯೆತ್ತಿದ. ಖಳನಾಯಕ ಈ ಸಲ ಮನೆಯ ಕಿಟಕಿ ಅದುರುವಂತೆ ಕಿರುಚಿ ಸತ್ತ. ಪಾಪಯ್ಯ ಎದ್ದು, ಆಂಪ್ಲಿಫೈಯರಿನ ಬೆನ್ನ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ ನಿಂತರು. ಕೈ ತೆಗೆಯಲೇ ಇಲ್ಲ.

"ಎಳೆಗರು ಬೆನ್ನಂಗೆ ಬೆಚ್ಚಗದೆ. ಬಾಳ್ತದೆ ಬುಡಿ."

"ಅಂಗಾರೆ ಈಗ ಹೊದಿಸ್ಲಾ?" ಎಂದು ಮಾಯಮ್ಮ ಬಟ್ಟೆ ಹಿಡಿದು ಬಂದರು.

"ಟಾಕೀಸ್ನಾಗೆ ಮಿಷನ್ ಮ್ಯಾಲೆ ಟವೆಲ್ ಹಾಕಿದ್ಕೇ ಓನರ್ ನಂಗೆ ಬೋದಿದ್ರು ಕಣಮ್ಮೀ. ಅದ್ಕೆ ಸೆಕೆ ಆಯ್ತದೆ. ಉಸಿರು ಕಟ್ಟಿ ಸತ್ತೋಯ್ತದೆ."

ಶೋಭಿತಾ ಅಮ್ಮನ ಕೈಯ ಬಟ್ಟೆಯನ್ನು ನೋಡಿದಳು, ಅಟ್ಟದ ಕಡೆ ನೋಡಿದಳು, ಕೊನೆಗೆ ಒಂದು ವರ್ಷ ಬಾಯಿ ಬಿಡದೆ ಬೈಸಿಕೊಂಡ ಗಂಡನನ್ನು ನೋಡಿದಳು. ಬಟ್ಟೆ ತೆಗೆದುಕೊಂಡು ಸ್ಪ್ರಿಂಗ್ ತಕ್ಕಡಿಗೆ ಸುತ್ತಿಟ್ಟಳು. ಅಳತೆ ಕೇಳದೆ ಹೊಲಿದದ್ದು ಅದಕ್ಕೆ ಸರಿಯಾಗಿ ಕೂತಿತು.

ಚಂದ್ರಮೌಳಿ ಬಟ್ಟುಗಳನ್ನು ಫೈಲಿನ ಮೇಲಿಟ್ಟುಕೊಂಡು ಎದ್ದರು. "ಇನ್ಮೇಲೆ ತಕ್ಕಡಿ ಹಿಡ್ಕೊಂಡು ಯಾವ ಅಂಗಡಿ ಮೆಟ್ಟಿಲೂ ಹತ್ತಬೇಡಿ. ಆಂಪ್ಲಿಫೈಯರ್ ಮಾತ್ರ ಚೆನ್ನಾಗಿದೆ. ಎಲ್ಲಿ ತಗೊಂಡ್ರಿ ಅಂತ ನಾನು ಕೇಳೋ ಹಾಗಿಲ್ಲ, ಗೊತ್ತಾಗಿಹೋಗಿದೆ."

ಮಾರನೆಯ ಭಾನುವಾರ ಹಾಸನದ ತರಕಾರಿ ಮಾರುಕಟ್ಟೆಗೆ ಹೊರಟ ಶೋಭಿತಾ ಗಂಡನನ್ನು ಕರೆದಳು. "ತಕ್ಕಡಿ ಬೇಡ, ಗುರುತಿನ ಚೀಟಿನೂ ಬೇಡ. ಚೀಲ ಹಿಡ್ಕೊಳ್ಳಿ. ನಡುವೆ ಒಂದ್ಸಲ ಸಿನಿಮಾ ನಿಂತಿತ್ತಲ್ಲ, ಆರಿಸೋದು ನಾನು, ನೀವು ಮಾತಾಡಬಾರದು."

ಅವನು ಮಾತಾಡಲಿಲ್ಲ. ಶೋಭಿತಾ ಬದನೆಕಾಯಿ ಆರಿಸಿ ತಟ್ಟೆಗೆ ಹಾಕಿದಳು. ಅಂಗಡಿಯವಳು ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ತೋರಿಸಿ, "ಒಂದ್ ಕೆಜಿ ಕರೆಕ್ಟಾಗದೆ ಅಕ್ಕ" ಎಂದಳು. ಕೀರ್ತಿರಾಜನ ಗಂಟಲು ಕೆರೆಯಿತು. ಒಂದು ಸಲ ಕೆಮ್ಮಿದ. ಎರಡನೇ ಸಲ ತಡೆಯಲಾಗಲಿಲ್ಲ.

"ಕಾಯಿ ಎಲ್ಲಾ ತೆಗೀರಮ್ಮ. ಮೊದಲು ಬರೀ ತಟ್ಟೆ ತೋರ್ಸಿ."

ಬರೀ ತಟ್ಟೆಯ ಮೇಲೆ ನೂರಿಪ್ಪತ್ತು ಗ್ರಾಮು ಹೊಳೆಯುತ್ತಿತ್ತು. ಅಂಗಡಿಯವಳು ನಾಲಿಗೆ ಕಚ್ಚಿಕೊಂಡು ಗುಂಡಿಯೊತ್ತಿ ಸೊನ್ನೆ ಮಾಡಿದಳು.

ಶೋಭಿತಾ ಬುಟ್ಟಿಯ ಮುಂದಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. "ಬದನೆಕಾಯಿ ನೀವೇ ಆರಿಸಿ ರೀ," ಎಂದಳು.

ಕೀರ್ತಿರಾಜ್ ಬಗ್ಗಿ, ಒಂದು ಕಾಯಿ ಎತ್ತಿ, ಅಂಗೈಯಲ್ಲಿಟ್ಟು ತೂಗಿ ನೋಡಿ, ಭಾರವಾಗಿದ್ದದ್ದನ್ನೇ ಚೀಲಕ್ಕೆ ಹಾಕಿದ. ಮನೆಗೆ ಬಂದು ಹೆಚ್ಚಿದಾಗ ಅದರ ತುಂಬ ಬೀಜವಿತ್ತು.